ತೊಟ್ಟಿಯ ಗಿಡಕ್ಕೆ ಎಷ್ಟು ಬೆಳಕು ಸಾಕು?

ಹೈಸ್ಕೂಲಿನಲ್ಲಿ ವಿಜ್ಞಾನ ಓದಿದವರಿಗೆಲ್ಲ ಹೈಡ್ರಿಲ್ಲಾ ಗೊತ್ತಿರುತ್ತದೆ. ಬೀಕರಿನ ನೀರಿನಲ್ಲಿ ನಾಲ್ಕು ಎಳೆ ಗಿಡ, ಅದರ ಮೇಲೆ ಬೋರಲು ಹಾಕಿದ ಗಾಜಿನ ಆಲಿಕೆ, ಆಲಿಕೆಯ ಮೂತಿಗೆ ನೀರು ತುಂಬಿದ ಪ್ರನಾಳ. ಬಿಸಿಲಿಗಿಟ್ಟರೆ ಕಾಂಡದ ತುದಿಯಿಂದ ಗುಳ್ಳೆಗಳು ಸಾಲಾಗಿ ಮೇಲೇಳುತ್ತವೆ. ನೆರಳಿಗೆ ತಂದರೆ ನಿಧಾನವಾಗುತ್ತವೆ, ಕತ್ತಲಲ್ಲಿ ನಿಂತೇ ಹೋಗುತ್ತವೆ. ಈ ಪ್ರಯೋಗಕ್ಕೆ ಗಿಡ ಹುಡುಕಲು ಪಟ್ಟಣದ ಶಾಲೆಗಳು ಪರದಾಡುತ್ತವೆ. ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರ ಹೋಬಳಿಯಂಥ ಕಡೆ ಆ ತಾಪತ್ರಯವಿಲ್ಲ, ಕೆರೆ ಏರಿ ಇಳಿದರೆ ಸಾಕು. ಶಿಂಷಾ ನದಿಯ ಇಗ್ಗಲೂರು ಬ್ಯಾರೇಜಿನಿಂದ ನೀರೆತ್ತಿ ತಾಲ್ಲೂಕಿನ ಕೆರೆಗಳನ್ನು ತುಂಬಿಸತೊಡಗಿದ ಮೇಲೆ, ವರ್ಷಗಟ್ಟಲೆ ಜಾಲಿ ಬೆಳೆದುಕೊಂಡಿದ್ದ ಕೆರೆಗಳಿಗೂ ನೀರಗಿಡಗಳು ಮರಳಿವೆ. ಊರವರು ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ ಎಂದೆಲ್ಲ ಹೆಸರಿಟ್ಟು ಕರೆಯುವುದಿಲ್ಲ. ನೀರೊಳಗೆ ಹಸಿರಾಗಿ ಕಾಲಿಗೆ ತೊಡರುವುದೆಲ್ಲ ಅವರ ಲೆಕ್ಕದಲ್ಲಿ ಪಾಚಿ.

ಅದೇ ಗಿಡವನ್ನು ತಂದು ನಡುಮನೆಯ ಮೀನಿನ ತೊಟ್ಟಿಗೆ ಹಾಕಿ ನೋಡಿ. ಮೊದಲ ವಾರ ಚೆನ್ನಾಗಿಯೇ ಇರುತ್ತದೆ. ಆಮೇಲೆ ಕಾಂಡ ಸಣಕಲಾಗಿ ಮೇಲಕ್ಕೆ ಓಡುತ್ತದೆ. ಒತ್ತೊತ್ತಾಗಿದ್ದ ಎಲೆಸುತ್ತುಗಳು ದೂರ ಸರಿಯುತ್ತವೆ, ಬುಡದ ಎಲೆ ಕಂದಿ ಉದುರುತ್ತದೆ. ತಿಂಗಳು ತುಂಬುವಷ್ಟರಲ್ಲಿ ನೀರಿನ ಮೇಲೆ ಒಂದಿಷ್ಟು ಹಸಿರು, ಕೆಳಗೆಲ್ಲ ಬೋಳು ದಾರ. ಮನೆಯವರು ನೀರನ್ನು ಬೈಯುತ್ತಾರೆ, ಮೀನನ್ನು ಬೈಯುತ್ತಾರೆ, ಗಿಡದ ‘ಔಷಧಿ’ ಬಾಟಲಿ ತಂದು ಸುರಿಯುತ್ತಾರೆ. ನೆತ್ತಿಯ ಮೇಲೆ ಉರಿಯುತ್ತಿರುವ ನೀಲಿ ದೀಪದ ಕಡೆ ಯಾರೂ ನೋಡುವುದಿಲ್ಲ. ರೆಡಿಮೇಡ್ ತೊಟ್ಟಿಯ ಮುಚ್ಚಳದಲ್ಲಿ ಕೂರಿಸಿಕೊಡುವ ಆ ದೀಪ ಮೀನಿನ ಬಣ್ಣ ಮಿಂಚಿಸಲು ಮಾಡಿದ್ದು. ಶಾಲಾ ಪ್ರವಾಸದಲ್ಲಿ ಕಬ್ಬನ್ ಪಾರ್ಕಿನ ಸರ್ಕಾರಿ ಮತ್ಸ್ಯಾಲಯ ನೋಡಿ ಬಂದು ಹಟ ಹಿಡಿದ ಮಗುವಿಗೆ ಅಷ್ಟೇ ಬೇಕಾಗಿರುತ್ತದೆ. ಗಿಡಕ್ಕೆ ಬೇಕಾದದ್ದು ಬೇರೆ.

ಹಾಗೆಂದು ದೀಪ ಬದಲಿಸಲು ಹೊರಟರೆ ಅಂಗಡಿಯಲ್ಲಿ ನಡೆಯುವ ಮಾತು ಹೆಚ್ಚುಕಮ್ಮಿ ಹೀಗಿರುತ್ತದೆ:

“ಅಣ್ಣ, ಎರಡಡಿ ಟ್ಯಾಂಕ್‌ಗೆ ಎಷ್ಟು ವ್ಯಾಟ್ ಲೈಟ್ ಹಾಕ್ಬೇಕು?”

“ಹದಿನೆಂಟು ತಗೊಂಡೋಗಪ್ಪ. ಗಿಡ ಜೋರಾಗ್ ಬರ್ಬೇಕು ಅಂದ್ರೆ ಮೂವತ್ತಾರೇ ಹಾಕ್ಬಿಡು.”

ಪ್ರಶ್ನೆಯೂ ಸರಿಯಿಲ್ಲ, ಉತ್ತರವೂ ಸರಿಯಿಲ್ಲ. ತಪ್ಪು ಅವರಿಬ್ಬರದ್ದೂ ಅಲ್ಲ. ವ್ಯಾಟಿನ ಲೆಕ್ಕ ಬಂದದ್ದು ಟ್ಯೂಬ್‌ಲೈಟಿನ ಕಾಲದಲ್ಲಿ, ಅದೂ ಅಮೆರಿಕದಿಂದ. ಒಂದು ಗ್ಯಾಲನ್ ನೀರಿಗೆ, ಅಂದರೆ ಸುಮಾರು 3.8 ಲೀಟರಿಗೆ, ಒಂದೆರಡು ವ್ಯಾಟ್ ಎಂಬುದು ಆಗಿನ ಸೂತ್ರ. ಎಲ್ಲರ ಮನೆಯಲ್ಲೂ ಚೋಕು, ಸ್ಟಾರ್ಟರು ಇದ್ದ ಅದೇ 40 ವ್ಯಾಟಿನ ದಪ್ಪ ಟ್ಯೂಬು ಇದ್ದಾಗ ಆ ಸೂತ್ರ ನಡೆಯಿತು. ವ್ಯಾಟ್ ಅಂದರೆ ದೀಪ ಎಳೆದುಕೊಳ್ಳುವ ಕರೆಂಟಿನ ಲೆಕ್ಕವೇ ಹೊರತು ಅದು ಕೊಡುವ ಬೆಳಕಿನದ್ದಲ್ಲ. ಹಳೆಯ ಬುರುಡೆ ಬಲ್ಬು ಒಂದು ವ್ಯಾಟಿಗೆ ಹದಿಮೂರು ಹದಿನಾಲ್ಕು ಲ್ಯೂಮೆನ್ ಬೆಳಕು ಕೊಡುತ್ತಿತ್ತು, ಆ ದಪ್ಪ ಟ್ಯೂಬು ಸುಮಾರು 60. ಈಗಿನ ಸಾಧಾರಣ ಎಲ್‌ಇಡಿ 100ರ ಆಸುಪಾಸಿನಲ್ಲಿದೆ. ಹಾಗಾಗಿ ಹಳೆಯ ಸೂತ್ರ ಹಿಡಿದು ಎಲ್‌ಇಡಿ ಕೊಂಡವರ ತೊಟ್ಟಿಗೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಬೆಳಕು ಬೀಳುತ್ತದೆ. ಅದರ ಫಲ ಗಾಜಿನ ಮೇಲೆ ಹಸಿರಾಗಿ ಕಾಣುತ್ತದೆ. ಅದು ಮಾತ್ರ ನಿಜವಾದ ಪಾಚಿ.

ಲ್ಯೂಮೆನ್ ನೋಡಿ ಕೊಂಡರೆ ಆಯಿತೇ? ಅಲ್ಲೂ ಒಂದು ತೊಡಕಿದೆ. ಲ್ಯೂಮೆನ್ ಆಗಲಿ, ಲಕ್ಸ್ ಆಗಲಿ, ಮನುಷ್ಯನ ಕಣ್ಣನ್ನು ಮುಂದಿಟ್ಟುಕೊಂಡು ಮಾಡಿದ ಅಳತೆ. ನಮ್ಮ ಕಣ್ಣಿಗೆ ಹಸಿರು–ಹಳದಿ ಬೆಳಕು ಎಲ್ಲಕ್ಕಿಂತ ಪ್ರಖರ. ಕಡುನೀಲಿ, ಕಡುಕೆಂಪು ಮಂದ. ಗಿಡದ ಲೆಕ್ಕ ಹಾಗಿಲ್ಲ. 1882ರಲ್ಲಿ ಜರ್ಮನಿಯ ಥಿಯೋಡೋರ್ ಎಂಗೆಲ್‌ಮನ್ ಬಲು ಜಾಣತನದ ಒಂದು ಪ್ರಯೋಗ ಮಾಡಿದ. ದಾರದಂಥ ಪಾಚಿಯ ಒಂದು ಎಳೆಯ ಮೇಲೆ ಪಟ್ಟಕದಿಂದ ಒಡೆದ ಏಳು ಬಣ್ಣದ ಬೆಳಕು ಬೀಳಿಸಿ, ಅದೇ ನೀರಿಗೆ ಆಮ್ಲಜನಕಕ್ಕೆ ಮುತ್ತುವ ಬ್ಯಾಕ್ಟೀರಿಯಾಗಳನ್ನು ಬಿಟ್ಟ. ಅವು ನೀಲಿ ಮತ್ತು ಕೆಂಪು ಬಿದ್ದ ಕಡೆ ಗುಂಪುಗೂಡಿದವು. ಗಿಡ ಎಲ್ಲಿ ಹೆಚ್ಚು ದುಡಿಯುತ್ತಿದೆ ಎಂಬುದು ಸೂಕ್ಷ್ಮದರ್ಶಕದಡಿ ನೇರವಾಗಿ ಕಂಡಿತು. ಈಗ ಮಾರುಕಟ್ಟೆಯಲ್ಲಿ ‘ಪ್ಲಾಂಟ್ ಗ್ರೋ’ ಎಂದು ಬರುವ ನೇರಳೆ ದೀಪಗಳೆಲ್ಲ ಈ ನೀಲಿ–ಕೆಂಪಿನ ಪಾಠವನ್ನೇ ಹಿಡಿದು ನಿಂತಿವೆ.

ಆದರೆ ಪಾಠ ಅಲ್ಲಿಗೆ ಮುಗಿಯಲಿಲ್ಲ. 1972ರಲ್ಲಿ ಕೀತ್ ಮೆಕ್ರೀ ಹಲವಾರು ಬೆಳೆಗಳ ಎಲೆಗಳನ್ನು ಒಂದೊಂದೇ ಬಣ್ಣದ ಬೆಳಕಿನಲ್ಲಿ ಅಳೆದು ನೋಡಿ, ಹಸಿರು ಬೆಳಕನ್ನೂ ಎಲೆ ಸಾಕಷ್ಟು ಬಳಸಿಕೊಳ್ಳುತ್ತದೆ ಎಂದು ತೋರಿಸಿದ. ಅದಾದ ಮೇಲೆ 400ರಿಂದ 700 ನ್ಯಾನೊಮೀಟರ್ ನಡುವಿನ ಎಲ್ಲ ಬೆಳಕನ್ನೂ ಒಟ್ಟಾಗಿ ಎಣಿಸುವ ಅಳತೆ ಗಟ್ಟಿಯಾಯಿತು. ಅದನ್ನು ಪಾರ್ ಎನ್ನುತ್ತಾರೆ. ಒಂದು ಚದರ ಮೀಟರಿನ ಮೇಲೆ ಸೆಕೆಂಡಿಗೆ ಎಷ್ಟು ಮೈಕ್ರೋಮೋಲ್ ಬೆಳಕಿನ ಕಣ ಬಿದ್ದವು ಎಂಬುದು ಅದರ ಎಣಿಕೆ. ನೆತ್ತಿ ಸುಡುವ ಮಧ್ಯಾಹ್ನದ ಬಿಸಿಲಲ್ಲಿ ಇದು ಸುಮಾರು 2000. ತೊಟ್ಟಿಯ ತಳದಲ್ಲಿ 20ರಿಂದ 30 ಸಿಕ್ಕರೆ ನೆರಳು ತಾಳುವ ಗಿಡಗಳಿಗೆ ಸಾಕು, 40–50 ಸಿಕ್ಕರೆ ಸಾಮಾನ್ಯ ಗಿಡಗಳೆಲ್ಲ ಬೆಳೆಯುತ್ತವೆ, 80 ದಾಟಿದರೆ ಅದು ಪಳಗಿದ ಕೈಗಳಿಗೆ ಮಾತ್ರ. ಗಮನಿಸಿ: ಅತಿ ಹೆಚ್ಚು ಬೆಳಕು ಎನ್ನುವ ತೊಟ್ಟಿಯಲ್ಲೂ ಬಿಸಿಲಿನ ಇಪ್ಪತ್ತರಲ್ಲೊಂದು ಪಾಲು ಸಿಕ್ಕರೆ ಹೆಚ್ಚು.

ನೇರಳೆ ದೀಪ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಗಿಡ ಬೆಳೆದೀತು, ಆದರೆ ಆ ಬೆಳಕಿನಲ್ಲಿ ಹಸಿರು ಹಸಿರಾಗಿ ಕಾಣುವುದಿಲ್ಲ, ಮನೆ ಜಾತ್ರೆಯ ಪೆಂಡಾಲಿನಂತೆ ಕಾಣುತ್ತದೆ. ಬಿಳಿ ಎಲ್‌ಇಡಿಯೇ ಸಾಕು. ಬಿಳಿ ಎಲ್‌ಇಡಿ ಎಂದರೆ ನೀಲಿ ಎಲ್‌ಇಡಿಯ ಮೇಲೆ ಹಳದಿ ಫಾಸ್ಫರ್‌ನ ಲೇಪ. ನೀಲಿ ಹೇಗೂ ಇರುತ್ತದೆ, ಕೆಂಪಿನ ಕಡೆಗೂ ಬೇಕಾದಷ್ಟು ಚೆಲ್ಲುತ್ತದೆ. ಆ ನೀಲಿ ಎಲ್‌ಇಡಿ ಕಂಡುಹಿಡಿದದ್ದಕ್ಕೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಒಬ್ಬರು ಹಿರೋಷಿ ಅಮಾನೊ. ನೀರಗಿಡದ ತೊಟ್ಟಿಯನ್ನು ಒಂದು ಕಲೆಯಾಗಿ ಜಗತ್ತಿಗೆ ತೋರಿಸಿ, 1982ರಲ್ಲಿ ಅದಕ್ಕೆಂದೇ ಕಂಪನಿ ಕಟ್ಟಿದ ಛಾಯಾಗ್ರಾಹಕ ತಕಾಷಿ ಅಮಾನೊ. ಇಬ್ಬರೂ ಜಪಾನಿನವರು, ಹೆಸರು ಒಂದೇ. ಅವರ ಕೆಲಸ ಕೂಡಿದ್ದು ನಮ್ಮ ತೊಟ್ಟಿಗಳ ಮೇಲೆ.

ಡಬ್ಬಿಯ ಮೇಲೆ 6500 ಕೆಲ್ವಿನ್, ‘ಕೂಲ್ ಡೇಲೈಟ್’ ಎಂದಿದ್ದರೆ ತೆಗೆದುಕೊಳ್ಳಿ. ಅದು ಗಿಡಕ್ಕಿಂತ ಹೆಚ್ಚಾಗಿ ನಮ್ಮ ಕಣ್ಣಿಗಾಗಿ. 4000 ಇದ್ದರೂ ಗಿಡ ಮುನಿಸಿಕೊಳ್ಳುವುದಿಲ್ಲ.

ಬೆಳಕನ್ನು ಅಳೆದು ಬಳಸುವುದು ಈ ಸೀಮೆಗೆ ಹೊಸದೇನಲ್ಲ. ಹಿಪ್ಪುನೇರಳೆ ಬೆಳೆಯುವ ಊರುಗಳಲ್ಲಿ ಹುಳುಮನೆಯ ಬೆಳಕಿನ ಶಿಸ್ತು ಎಲ್ಲರಿಗೂ ಗೊತ್ತು. ರೇಷ್ಮೆಹುಳುವಿಗೆ ಬೇಕಾದದ್ದು 15ರಿಂದ 30 ಲಕ್ಸ್‌ನ ಮಬ್ಬುಬೆಳಕು. ಕಿಟಕಿಯಿಂದ ಒಂದೇ ಕಡೆ ಜೋರು ಬೆಳಕು ಬಿದ್ದರೆ ಹುಳುಗಳು ಮಬ್ಬು ಮೂಲೆಗೆ ಸರಿದು ಒತ್ತಾಗುತ್ತವೆ. ಹಣ್ಣಾದ ಹುಳು ಗೂಡು ಕಟ್ಟುವ ಚಂದ್ರಿಕೆಯಲ್ಲಿ ಹಾಗೆ ಗುಂಪುಗೂಡಿದರೆ ಜೋಡಿಗೂಡು ಹೆಚ್ಚಿ ಮಾರುಕಟ್ಟೆಯಲ್ಲಿ ದರ ಬೀಳುತ್ತದೆ. ಅದಕ್ಕೇ ಕಿಟಕಿಗೆ ಗೋಣಿತಾಟು ಕಟ್ಟುತ್ತಾರೆ. ಅದೇ ಮನೆಯ ನಡುಮನೆಯಲ್ಲಿ ಇಡುವ ಗಿಡದ ತೊಟ್ಟಿಯ ತಳಕ್ಕೆ ಬೇಕಾದದ್ದು ಸುಮಾರು 3000 ಲಕ್ಸ್, ಹುಳುಮನೆಯ ನೂರು ಪಟ್ಟು. ನಡುಮನೆಯ ಗೋಡೆಯ ಟ್ಯೂಬ್‌ಲೈಟಿನಿಂದ ತೊಟ್ಟಿಯವರೆಗೆ ತಲುಪುವುದು ನೂರಿನ್ನೂರು ಲಕ್ಸ್. ನಮಗೆ ಪೇಪರು ಓದಲು ಅದು ಧಾರಾಳವಾದ್ದರಿಂದ ಗಿಡಕ್ಕೂ ಬೆಳಕಿದೆ ಎಂದು ಅಂದುಕೊಳ್ಳುತ್ತೇವೆ.

ಲೆಕ್ಕ ಹಾಕೋಣ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 55 ಲೀಟರ್ ನೀರು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ಎರಡಡಿಯ 10 ವ್ಯಾಟ್ ಎಲ್‌ಇಡಿ ಬ್ಯಾಟನ್ ಸುಮಾರು 1000 ಲ್ಯೂಮೆನ್ ಕೊಡುತ್ತದೆ. ಅದರಲ್ಲಿ ಅರ್ಧ ಅಕ್ಕಪಕ್ಕಕ್ಕೆ ಚೆಲ್ಲಿಹೋಯಿತು ಎಂದುಕೊಳ್ಳಿ. ಉಳಿದ 500, ತೊಟ್ಟಿಯ 0.18 ಚದರ ಮೀಟರ್ ತಳಕ್ಕೆ ಹರಡಿದರೆ ಸುಮಾರು 2800 ಲಕ್ಸ್. ಬಿಳಿ ಎಲ್‌ಇಡಿಯ ಲಕ್ಸನ್ನು 70ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಪಾರ್ ಸಿಗುತ್ತದೆ; ಇಲ್ಲಿ 40. ಅಂದರೆ ಒಂದೇ ಒಂದು ಬ್ಯಾಟನ್, ಗಾಜಿನ ಮುಚ್ಚಳದ ಸಮೀಪದಲ್ಲೇ ಇಟ್ಟರೆ, ಸಾಮಾನ್ಯ ಗಿಡಗಳಿಗೆ ಸಾಕಾಗುತ್ತದೆ. ಲೀಟರಿನ ಲೆಕ್ಕದಲ್ಲಿ ಹೇಳುವುದಾದರೆ ಲೀಟರಿಗೆ 20 ಲ್ಯೂಮೆನ್ನಿನ ಆಸುಪಾಸು. 40ರ ಹತ್ತಿರ ಹೋದರೆ ಅದು ಬೇರೆಯದೇ ಆಟ.

ಇದು ಒಂದಡಿ ಎತ್ತರದ ತೊಟ್ಟಿಯ ಮಾತು. ಎರಡಡಿ ಎತ್ತರದ ತೊಟ್ಟಿ ನೋಡಲು ಗಂಭೀರ, ಬೆಳಕಿನ ವಿಷಯದಲ್ಲಿ ದಂಡ. ನೀರು ಬೆಳಕನ್ನು ಕುಡಿದುಬಿಡುತ್ತದೆ ಎಂಬ ಭಯಕ್ಕೆ ಮನೆಯ ತೊಟ್ಟಿಯಲ್ಲಿ ದೊಡ್ಡ ಅರ್ಥವಿಲ್ಲ; ಒಂದೂವರೆ ಅಡಿ ತಿಳಿನೀರು ನುಂಗುವುದು ಕೆಂಪಿನ ಒಂದಿಷ್ಟು ಪಾಲನ್ನು ಮಾತ್ರ. ನಷ್ಟವಾಗುವುದು ಬೆಳಕು ಹರಡಿಕೊಳ್ಳುವುದರಿಂದ, ಮೇಲಿನ ಎಲೆ ಕೆಳಗಿನದಕ್ಕೆ ಮರೆಯಾಗುವುದರಿಂದ. ಕಾಡುಬಾದಾಮಿ ಎಲೆ, ಹಸಿ ಮರದ ಬೇರು ಹಾಕಿ ನೀರು ಕಾಫಿಬಣ್ಣಕ್ಕೆ ತಿರುಗಿದ್ದರೆ ನೀಲಿ ಬೆಳಕಿಗೂ ಕತ್ತರಿ. ನಮ್ಮ ಕಡೆ ಇವೆಲ್ಲಕ್ಕಿಂತ ದೊಡ್ಡ ಕಳ್ಳ ಗಾಜಿನ ಮುಚ್ಚಳ. ಕೊಳವೆಬಾವಿಯ ಗಡಸು ನೀರು ಹನಿಹನಿಯಾಗಿ ಸಿಡಿದು ಒಣಗಿ ಗಾಜಿನ ಅಡಿಯಲ್ಲಿ ಬಿಳಿ ಪದರ ಕಟ್ಟುತ್ತದೆ. ನಿಂಬೆಹೋಳು ತಿಕ್ಕಿ ತೊಳೆಯಿರಿ. ಹೊಸ ದೀಪ ತರಬೇಕು ಎಂದುಕೊಂಡಿದ್ದವರು ಎಷ್ಟೋ ಸಲ ಅಷ್ಟಕ್ಕೇ ಸುಮ್ಮನಾಗುತ್ತಾರೆ.

ಮೊಬೈಲಿನ ಲಕ್ಸ್ ಆ್ಯಪಿನಿಂದ ಅಳೆಯಬಹುದೇ ಎಂದು ಕೇಳುವವರಿದ್ದಾರೆ. ನೀರು ತುಂಬುವ ಮೊದಲು ಖಾಲಿ ತೊಟ್ಟಿಯ ತಳದಲ್ಲಿ ಮೊಬೈಲನ್ನು ಅಂಗಾತ ಇಟ್ಟು ನೋಡಬಹುದು. ಅಂಕಿ ಕರಾರುವಾಕ್ಕಲ್ಲ. ನಡುವಿಗೂ ಮೂಲೆಗೂ ಎಷ್ಟು ವ್ಯತ್ಯಾಸ, ಅರ್ಧ ಅಡಿ ಎತ್ತರಿಸಿದರೆ ಎಷ್ಟು ಇಳಿಯುತ್ತದೆ ಎಂಬ ಹೋಲಿಕೆಗೆ ಮಾತ್ರ ಅದು ಚೆನ್ನಾಗಿ ಒದಗುತ್ತದೆ.

ಸರಿ, ಒಂದು ಬ್ಯಾಟನ್ ಸಾಕು ಎಂದಾದರೆ ಎರಡು ಹಾಕಿದರೆ ಇನ್ನೂ ಚೆನ್ನಾಗಿ ಬೆಳೆಯಬೇಕಲ್ಲ? ಇಲ್ಲೇ ತೊಟ್ಟಿಗಳು ಕೆಡುವುದು. ಬೆಳಕು ಗಿಡಕ್ಕೆ ಹಸಿವು ಹುಟ್ಟಿಸುತ್ತದೆ, ಊಟ ಬಡಿಸುವುದಿಲ್ಲ. ಊಟವೆಂದರೆ ಮುಖ್ಯವಾಗಿ ಇಂಗಾಲ. ಗಾಳಿಯಲ್ಲಿರುವ ಗಿಡಕ್ಕೆ ಅದು ಎಲೆಯ ಬಾಗಿಲಿಗೇ ಬಂದು ಬೀಳುತ್ತದೆ. ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಚಲಿಸುವ ವೇಗ ಗಾಳಿಯ ಹತ್ತು ಸಾವಿರದಲ್ಲೊಂದು ಪಾಲು. ತೆರೆದಿಟ್ಟ ನೀರಿನಲ್ಲಿ ತಾನಾಗಿ ಕರಗಿ ನಿಲ್ಲುವುದು ಲೀಟರಿಗೆ ಸುಮಾರು ಅರ್ಧ ಮಿಲಿಗ್ರಾಂ. ಪತ್ರಿಕೆಯ ಚಿತ್ರಗಳಲ್ಲಿ ಕಾಣುವ, ತಳಕ್ಕೆ ಹಸಿರು ಜಮಖಾನ ಹಾಸಿದಂತಿರುವ ತೊಟ್ಟಿಗಳಲ್ಲಿ ಸಿಲಿಂಡರಿನಿಂದ ಅನಿಲ ಬಿಟ್ಟು ಅದನ್ನು 20–30 ಮಿಲಿಗ್ರಾಂಗೆ ಏರಿಸಿರುತ್ತಾರೆ. ಆ ತೊಟ್ಟಿಗಳ ಪ್ರಖರ ದೀಪವನ್ನು ಮಾತ್ರ ನಕಲು ಮಾಡಿ ಸಿಲಿಂಡರನ್ನು ಮರೆತರೆ, ಗಿಡ ಬೆಳಗ್ಗೆ ಒಂದೆರಡು ಗಂಟೆಯಲ್ಲಿ ಇರುವ ಇಂಗಾಲವನ್ನೆಲ್ಲ ತಿಂದು ಕೈಕಟ್ಟಿ ಕೂರುತ್ತದೆ. ಉಳಿದ ಹೊತ್ತಿನ ಬೆಳಕು ಯಾರಿಗೆ? ಬಹಳ ಕಡಿಮೆ ಊಟದಲ್ಲಿ ಬದುಕಲು ಗೊತ್ತಿರುವ ಪಾಚಿಗೆ. ಡೆನ್ಮಾರ್ಕಿನ ಸಂಶೋಧಕರು ರಿಕ್ಸಿಯಾ ಎಂಬ ತೇಲುಸಸ್ಯದ ಮೇಲೆ ಪ್ರಯೋಗ ಮಾಡಿ, ಬೆಳಕನ್ನು ಹಾಗೆಯೇ ಬಿಟ್ಟು ಇಂಗಾಲದ ಡೈಆಕ್ಸೈಡ್ ಒಂದನ್ನೇ ಹೆಚ್ಚಿಸಿದರೂ ಮಂದಬೆಳಕಿನಲ್ಲೇ ಬೆಳವಣಿಗೆ ಹಲವು ಪಟ್ಟು ಏರುವುದನ್ನು ತೋರಿಸಿದ್ದಾರೆ. ಗಿಡ ಸೊರಗಿದಾಗ ದೀಪ ಹೆಚ್ಚಿಸುವುದೇ ಮೊದಲ ಉಪಾಯವಲ್ಲ ಎಂಬುದಕ್ಕೆ ಇಷ್ಟು ಸಾಕು.

ವಿರೂಪಾಕ್ಷಿಪುರದಂಥ ಊರಿನಲ್ಲಿ ಮೀನಿನ ತೊಟ್ಟಿಗೆ ಸಿಲಿಂಡರ್ ತುಂಬಿಸಿಕೊಂಡು ಬರಲು ಬೆಂಗಳೂರಿಗೆ ಅಲೆಯುವುದು ಸುಖದ ಕೆಲಸವಲ್ಲ. ಆದರೆ ಇಲ್ಲಿನ ನೀರಿಗೊಂದು ಗುಣವಿದೆ. ಗಡಸು ನೀರೆಂದು ನಾವು ಗೊಣಗುವ ಕೊಳವೆಬಾವಿ ನೀರಿನಲ್ಲಿ ಬೈಕಾರ್ಬೊನೇಟ್ ಯಥೇಚ್ಛ. ಎಲ್ಲ ಗಿಡಗಳಿಗೂ ಅದನ್ನು ತಿನ್ನಲು ಬರುವುದಿಲ್ಲ. ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ, ಸೆರಟೋಫಿಲಮ್‌ಗಳಿಗೆ ಬರುತ್ತದೆ. ಸಂಜೆಯ ಹೊತ್ತಿಗೆ ಇಂಥ ಗಿಡದ ಎಲೆಯನ್ನು ಬೆರಳ ನಡುವೆ ಹಿಡಿದು ಸವರಿ. ಕೆಲವೊಮ್ಮೆ ಸಣ್ಣ ಮರಳು ಅಂಟಿದಂತೆ ಒರಟಾಗಿರುತ್ತದೆ. ಬೈಕಾರ್ಬೊನೇಟಿನಿಂದ ಇಂಗಾಲ ಕಿತ್ತುಕೊಂಡ ಮೇಲೆ ಎಲೆಯ ಮೇಲೆಯೇ ಉಳಿದುಹೋದ ಸುಣ್ಣ ಅದು.

ಹಾಗಾಗಿ ದೀಪಕ್ಕೆ ಮೊದಲು ಗಿಡ ಆರಿಸಬೇಕು. ಗಿಡ ಗೊತ್ತಾದರೆ ದೀಪ ತಾನಾಗಿ ಗೊತ್ತಾಗುತ್ತದೆ. ಹೈಡ್ರಿಲ್ಲಾದಷ್ಟು ಮಿತವ್ಯಯದ ಗಿಡ ಇನ್ನೊಂದಿಲ್ಲ; ಪೂರ್ಣ ಬಿಸಿಲಿನ ನೂರರಲ್ಲೊಂದು ಪಾಲು ಸಿಕ್ಕರೂ ಜೀವ ಹಿಡಿದುಕೊಂಡಿರುತ್ತದೆ. ಅದೇ ಗುಣವೇ ಅದನ್ನು ಪಿಡುಗಾಗಿಯೂ ಮಾಡಿತು: 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಅಮೆರಿಕದ ಫ್ಲಾರಿಡಾಕ್ಕೆ ಹೋದ ಹೈಡ್ರಿಲ್ಲಾ ಅಲ್ಲಿನ ಕೆರೆ, ಕಾಲುವೆಗಳನ್ನೆಲ್ಲ ತುಂಬಿತು, ಅದನ್ನು ಹತೋಟಿಯಲ್ಲಿಡಲು ಅಲ್ಲಿನವರು ಇಂದಿಗೂ ಹೆಣಗುತ್ತಿದ್ದಾರೆ. ವ್ಯಾಲಿಸ್ನೇರಿಯಾ ರಿಬ್ಬನ್ನಿನಂಥ ಎಲೆಯ ಗಿಡ, ಬೇರು ಬಿಟ್ಟ ಮೇಲೆ ಮರಿ ಹಾಕುತ್ತಾ ತಳದಲ್ಲೇ ಹಬ್ಬುತ್ತದೆ. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎರಡು ಗೋಲ್ಡ್‌ಫಿಶ್, ಕೆಲವು ಬಸವನಹುಳು ಹಾಕಿ, ನೀರು ಬದಲಿಸದೆ ಮೀನು ಸಾಕಿ ತೋರಿಸಿದ್ದು ಈ ಗಿಡವನ್ನೇ ನಂಬಿ. ಆಗ ದೀಪವೆಂದರೆ ಕಿಟಕಿ.

ಗದ್ದೆ ಬದುವಿನ ಒದ್ದೆಯಲ್ಲಿ ಹರಡುವ ನೀರುಬ್ರಾಹ್ಮಿಯೂ ನೀರಿನೊಳಗೆ ಬದುಕುತ್ತದೆ, ನಿಧಾನವಾಗಿ. ಅದಕ್ಕೆ ಒಂದು ಬ್ಯಾಟನ್ನಿನ ಬೆಳಕು ಬೇಕೇ ಬೇಕು. ಕ್ರಿಪ್ಟೋಕೊರೈನ್ ಜಾತಿಯ ಕೆಲವು ನಮ್ಮ ದಕ್ಷಿಣದ ಹೊಳೆಗಳವೇ, ಮರದ ನೆರಳಲ್ಲಿ ಹರಿಯುವ ನೀರಿನವು. ಅವಕ್ಕೆ ಮಂದಬೆಳಕು ಹಿತ, ಆದರೆ ಬದಲಾವಣೆ ಸೇರದು. ದೀಪ ಬದಲಿಸಿದ ವಾರದಲ್ಲಿ ಎಲೆಯೆಲ್ಲ ಕೊಳೆತು ಕರಗಿಹೋಗುತ್ತದೆ. ಸತ್ತಿತೆಂದು ಕಿತ್ತೆಸೆಯಬೇಡಿ, ಬೇರು ಮತ್ತೆ ಚಿಗುರುತ್ತದೆ. ಜಾವಾ ಫರ್ನ್, ಅನುಬಿಯಾಸ್‌ಗಳನ್ನು ಕಲ್ಲಿಗೋ ಕಟ್ಟಿಗೆಗೋ ದಾರದಲ್ಲಿ ಕಟ್ಟಿದರೆ ಸಾಕು, ದೀಪದ ನೇರ ಕೆಳಗಿಟ್ಟರೆ ಎಲೆಯ ಮೇಲೆ ಪಾಚಿ ಹತ್ತಿಸಿಕೊಳ್ಳುತ್ತವೆ. ಮೂಲೆಗೆ ಹಾಕಿ.

ರೊಟಾಲಾ ಮ್ಯಾಕ್ರಾಂಡ್ರಾದ ಕಥೆ ಸ್ವಾರಸ್ಯದ್ದು. ರಕ್ತಗೆಂಪಿನ ಈ ಗಿಡಕ್ಕೆ ಜಗತ್ತಿನ ಅಕ್ವೇರಿಯಂ ಹವ್ಯಾಸಿಗಳೆಲ್ಲ ಮರುಳು. ಅದರ ತವರು ನಮ್ಮ ಪಶ್ಚಿಮ ಘಟ್ಟದ ಹಳ್ಳತೊರೆಗಳು. ಸುಣ್ಣ ಕಮ್ಮಿಯಿರುವ ಮೆದು ನೀರು, ಸಮೃದ್ಧ ಇಂಗಾಲ, ಜೋರು ಬೆಳಕು, ಮೂರೂ ಕೂಡಿದರೆ ಮಾತ್ರ ಅದಕ್ಕೆ ಆ ಕೆಂಪು. ನಮ್ಮ ಬೋರ್‌ವೆಲ್ ನೀರಿನಲ್ಲಿ ಅದನ್ನು ಬೆಳೆಸಲು ಹೋಗಿ ದೀಪದ ಮೇಲೆ ದೀಪ ಹಾಕುವವರನ್ನು ಕಂಡರೆ ಅಯ್ಯೋ ಅನ್ನಿಸುತ್ತದೆ. ಕೆಂಪು ಬೇಕೆಂದೇ ಇದ್ದರೆ ಒಂದು ಸಣ್ಣ ನೈದಿಲೆ ಗೆಡ್ಡೆ ಊರಿ, ಮೇಲಕ್ಕೆ ಬರುವ ತೇಲೆಲೆಗಳನ್ನು ಚಿವುಟುತ್ತಿರಿ. ಕೆಳಗಿನ ಎಳೆಯ ಎಲೆಗಳಿಗೆ ಕಂದುಗೆಂಪು ಬಣ್ಣ ಸುಲಭವಾಗಿ ಬರುತ್ತದೆ.

ಮಣ್ಣಿನ ವಿಷಯವೂ ಬೆಳಕಿಗೆ ಸೇರಿಕೊಂಡಿದೆ. ಅಮೆರಿಕದ ಡಯಾನಾ ವಾಲ್‌ಸ್ಟಾಡ್ 1999ರಲ್ಲಿ ಬರೆದ ಪುಸ್ತಕದಲ್ಲಿ, ತಳಕ್ಕೆ ಸಾಮಾನ್ಯ ಮಣ್ಣು ಹಾಕಿ ಮೇಲೆ ಸಣ್ಣ ಜಲ್ಲಿ ಹೊದಿಸುವ ಪದ್ಧತಿಯನ್ನು ವಿವರಿಸಿದ್ದಾರೆ. ಮಣ್ಣಿನ ಸಾವಯವ ಅಂಶ ನಿಧಾನವಾಗಿ ಕೊಳೆತು ಇಂಗಾಲ ಕೊಡುತ್ತದೆ, ಮಿತವಾದ ಬೆಳಕಿಗೆ ಅಷ್ಟು ಸಾಕು. ಬೇಸಿಗೆಯಲ್ಲಿ ಕೆರೆಯ ಗೋಡು ಹೊಡೆದು ಹೊಲಕ್ಕೆ ಹಾಕುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡು ಬೆರಳು ದಪ್ಪ ಗೋಡು ಸಾಕು. ಗೊಬ್ಬರ ಬೆರೆತದ್ದು, ಔಷಧಿ ಹೊಡೆದ ಹೊಲದ್ದು ಬೇಡ. ಹೊಸ ಮಣ್ಣಿನ ತೊಟ್ಟಿಗೆ ಮೊದಲ ಮೂರ್ನಾಲ್ಕು ವಾರ ದಿನಕ್ಕೆ ಐದಾರು ಗಂಟೆಗಿಂತ ಹೆಚ್ಚು ದೀಪ ಕೊಡಬಾರದು. ಮಣ್ಣಿನಿಂದ ಬಿಡುವ ಅಮೋನಿಯಾಕ್ಕೆ ಜೋರು ಬೆಳಕು ಕೂಡಿದರೆ ನೀರು ರಾತ್ರೋರಾತ್ರಿ ಹಸಿರು ಪಾಯಸವಾಗುತ್ತದೆ. ಹಾಗಾಗಿಬಿಟ್ಟರೆ ಔಷಧಿ ಹುಡುಕಬೇಡಿ. ತೊಟ್ಟಿಗೆ ಕಂಬಳಿ ಹೊದಿಸಿ, ಗಾಳಿಯ ಪಂಪು ನಡೆಸುತ್ತಾ ಮೂರು ನಾಲ್ಕು ದಿನ ಪೂರ್ತಿ ಕತ್ತಲೆ ಕೊಡಿ. ಗಿಡ ತಡೆದುಕೊಳ್ಳುತ್ತದೆ, ನೀರನ್ನು ಹಸಿರಾಗಿಸಿದ ಪಾಚಿ ಸೋಲುತ್ತದೆ.

ಇಷ್ಟೆಲ್ಲ ದೀಪದ ಮಾತಾಡುವ ಬದಲು ತೊಟ್ಟಿಯನ್ನು ಜಗುಲಿಗೋ ಕಿಟಕಿಗೋ ಇಟ್ಟರೆ ಆಗದೇ? ಆಗುತ್ತದೆ, ಆದರೆ ಬಿಸಿಲಿಗೆ ಗುಂಡಿಯಿಲ್ಲ. ನೇರ ಬಿಸಿಲು ಒಂದು ಲಕ್ಷ ಲಕ್ಸ್; ಬೆಳಗಿನ ಎಳೆಬಿಸಿಲು ಒಂದು ಗಂಟೆ ಬಿದ್ದರೂ ಗಾಜು ಹಸಿರಾಗುತ್ತದೆ. ಏಪ್ರಿಲ್ಲಿನಲ್ಲಿ ಐವತ್ತು ಲೀಟರ್ ನೀರು ಬಿಸಿಯಾಗಲು ಹೊತ್ತೇನೂ ಬೇಡ. ನೇರ ಬಿಸಿಲು ಬೀಳದ ಉತ್ತರದ ಕಿಟಕಿಯಾದರೆ ಒಳ್ಳೆಯದು, ದೀಪದ ಅವಧಿಯನ್ನು ಸ್ವಲ್ಪ ಕಡಿಮೆ ಮಾಡಬಹುದು. ಹಳೆಯ ಹೆಂಚಿನ ಮನೆಗಳ ಗಾಜಿನ ಹೆಂಚಿನಿಂದ ಬೀಳುವ ಬಿಸಿಲುಕೋಲು ದಿನವಿಡೀ ನಡುಮನೆಯಲ್ಲಿ ಸರಿದಾಡುತ್ತದೆ. ತೊಟ್ಟಿ ಇಡುವ ಮೊದಲು ಅದು ಎಲ್ಲೆಲ್ಲಿ ಹಾಯುತ್ತದೆ ಎಂದು ಒಂದು ದಿನ ನೋಡಿಕೊಳ್ಳಿ. ಬಿಸಿಲೇ ಬೇಕೆನ್ನುವವರು ಅಂಗಳದಲ್ಲಿ ಸಿಮೆಂಟ್ ತೊಟ್ಟಿ ಕಟ್ಟಿ ನೈದಿಲೆ ಬೆಳೆಸಲಿ, ಅದಕ್ಕೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಹಸುವಿನ ಮೇವಿಗೆ ಅಜೋಲಾ ಬೆಳೆಯುವವರು ಗುಂಡಿಯ ಮೇಲೆ ನೆರಳುಬಲೆ ಕಟ್ಟುವುದನ್ನು ನೋಡಿದ್ದೀರಲ್ಲ. ನೀರಗಿಡವೆಂದ ಮಾತ್ರಕ್ಕೆ ಎಲ್ಲಕ್ಕೂ ಬೇಸಿಗೆಯ ಬಿಸಿಲು ಬೇಡ.

ದೀಪ ಎಷ್ಟು ಹೊತ್ತು? ನಮ್ಮ ಸೀಮೆಯ ಹಗಲು ಡಿಸೆಂಬರಿನಲ್ಲಿ ಹನ್ನೊಂದೂವರೆ ಗಂಟೆಗೆ ತುಸು ಕಡಿಮೆ, ಜೂನಿನಲ್ಲಿ ಹದಿಮೂರಕ್ಕೆ ತುಸು ಕಡಿಮೆ. ತೊಟ್ಟಿ ಅದನ್ನು ಅನುಸರಿಸಬೇಕಿಲ್ಲ. ಏಳೆಂಟು ಗಂಟೆ ಸಾಕು. ಆ ಗಂಟೆಗಳು ದಿನವೂ ಒಂದೇ ಆಗಿರಬೇಕು, ನಾವು ಮನೆಯಲ್ಲಿರುವ ಹೊತ್ತಿಗೆ ಬಿದ್ದರೆ ಇನ್ನೂ ಒಳ್ಳೆಯದು. ಮಧ್ಯಾಹ್ನ ಎರಡಕ್ಕೆ ಹತ್ತಿ ರಾತ್ರಿ ಹತ್ತಕ್ಕೆ ಆರಲಿ, ಗಿಡ ಗಡಿಯಾರ ನೋಡುವುದಿಲ್ಲ. ನೆನಪಿನ ಮೇಲೆ ಬಿಡದೆ ಟೈಮರ್ ಹಾಕಿ. ಟೈಮರ್ ಕೊಳ್ಳುವಾಗ ಒಂದು ಎಚ್ಚರ: ಹಲ್ಲುಗಳನ್ನು ಒತ್ತಿ ಹೊಂದಿಸುವ ಗುಂಡು ಡಯಲ್ಲಿನ ಟೈಮರು ಕರೆಂಟು ಹೋದಾಗ ತಾನೂ ನಿಲ್ಲುತ್ತದೆ. ದಿನಕ್ಕೆ ಒಂದೆರಡು ಗಂಟೆ ಕರೆಂಟು ಕೈಕೊಡುವ ಕಡೆ ವಾರ ಕಳೆಯುವಷ್ಟರಲ್ಲಿ ಅದರ ಮಧ್ಯಾಹ್ನ ನಮ್ಮ ನಡುರಾತ್ರಿಯಾಗಿರುತ್ತದೆ. ಒಳಗೆ ಬ್ಯಾಟರಿಯಿರುವ ಡಿಜಿಟಲ್ ಟೈಮರೇ ಹಳ್ಳಿಗೆ ಸರಿ.

ಕರೆಂಟು ಹೋಯಿತೆಂದು ಗಿಡಕ್ಕಾಗಿ ಚಿಂತಿಸಬೇಕಿಲ್ಲ, ಅರ್ಧ ದಿನ ಬೆಳಕಿಲ್ಲದಿದ್ದರೂ ಅದಕ್ಕೇನೂ ಆಗದು. ಯುಪಿಎಸ್‌ಗೆ ದೀಪದ ಬದಲು ಗಾಳಿಯ ಪಂಪು ಜೋಡಿಸಿ. ಕತ್ತಲಲ್ಲಿ ಗಿಡವೂ ಮೀನಿನ ಜೊತೆ ಸೇರಿ ಆಮ್ಲಜನಕ ಉಸಿರಾಡುತ್ತದೆ. ಬಿಲ್ಲಿನ ಚಿಂತೆಯೂ ದೊಡ್ಡದಲ್ಲ. 10 ವ್ಯಾಟಿನ ಬ್ಯಾಟನ್ ದಿನಕ್ಕೆ 8 ಗಂಟೆ ಉರಿದರೆ ತಿಂಗಳಿಗೆ 2.4 ಯೂನಿಟ್. ಇಪ್ಪತ್ನಾಲ್ಕು ಗಂಟೆ ನಡೆಯುವ 10 ವ್ಯಾಟಿನ ಫಿಲ್ಟರ್ ಮೋಟರೇ 7.2 ಯೂನಿಟ್ ತಿನ್ನುತ್ತದೆ. 2023ರಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದಾಗಿನಿಂದ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಉಚಿತದ ಮಿತಿ ಕಟ್ಟಿರುವುದರಿಂದ, ಅಂಚಿನಲ್ಲಿರುವ ಮನೆಗಳವರು ಈ ಹತ್ತು ಯೂನಿಟ್ಟನ್ನು ಲೆಕ್ಕಕ್ಕೆ ಹಿಡಿದಿರಲಿ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಗೋಡೆಗೆಂದು ಮಾಡಿದ ಬ್ಯಾಟನ್ನಿನಲ್ಲಿ 230 ವೋಲ್ಟ್ ಹರಿಯುತ್ತಿರುತ್ತದೆ, ಅದನ್ನು ತೆರೆದ ನೀರಿನ ಮೇಲೆ ಹಾಗೆಯೇ ತೂಗುಹಾಕುವುದು ಸಲ್ಲದು. ನಡುವೆ ಗಾಜಿನ ಮುಚ್ಚಳವಿರಲಿ, ಬ್ಯಾಟನ್ನನ್ನು ಎರಡೂ ಬದಿಯಲ್ಲಿ ಭದ್ರವಾಗಿ ಬಿಗಿಯಿರಿ. ವೈರು ಸಾಕೆಟ್ಟಿಗೆ ಹೋಗುವ ಮೊದಲು ಸಾಕೆಟ್ಟಿಗಿಂತ ಕೆಳಗೆ ಒಂದು ಬಳುಕು ಬಿಡಿ, ವೈರಿನ ಮೇಲೆ ಇಳಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಕರೆಂಟು ಸೋರಿದೊಡನೆ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನು ಮನೆಗೆ ಹಾಕಿಸಿ, ಅರ್ಥಿಂಗ್ ಸರಿಯಿದೆಯೇ ನೋಡಿಸಿ. ತೊಟ್ಟಿಗೆ ಕೈ ಹಾಕುವಾಗ ಸ್ವಿಚ್ಚು ಆರಿಸುವ ಅಭ್ಯಾಸ ಮಕ್ಕಳಿಗೂ ಇರಲಿ. ಇದರ ಗೊಡವೆಯೇ ಬೇಡ ಎನ್ನುವವರಿಗೆ 12 ವೋಲ್ಟಿನ ಅಡಾಪ್ಟರಿನಲ್ಲಿ ನಡೆಯುವ ದೀಪಗಳಿವೆ.

ದೀಪ ಸರಿಯೋ ತಪ್ಪೋ ಎಂದು ನೋಡಲು ಹಳೆಯ ಎಲೆಗಳನ್ನು ನೋಡಬೇಡಿ. ಅವು ಹಿಂದಿನ ತಿಂಗಳ ಕಥೆ ಹೇಳುತ್ತವೆ. ಹೊಸ ದೀಪ ಹಾಕಿದ ದಿನ ಗಿಡದ ತುದಿ ಎಲ್ಲಿತ್ತೆಂದು ಗಾಜಿನ ಮೇಲೆ ಮಾರ್ಕರಿನಲ್ಲಿ ಒಂದು ಗೆರೆ ಹಾಕಿ, ಎರಡು ವಾರ ಬಿಟ್ಟು ಗೆರೆಯ ಮೇಲೆ ಬೆಳೆದದ್ದನ್ನು ಮಾತ್ರ ನೋಡಿ. ಎಲೆಸುತ್ತುಗಳು ಹತ್ತಿರ ಬಂದಿದ್ದರೆ ಬೆಳಕು ಸಾಕು. ದೂರವೇ ಇದ್ದರೆ ಗಂಟೆ ಹೆಚ್ಚಿಸುವ ಬದಲು ದೀಪವನ್ನು ಎರಡಿಂಚು ಇಳಿಸಿ, ಮಂದಬೆಳಕನ್ನು ಹೊತ್ತು ಹೆಚ್ಚಿಸಿ ಸರಿದೂಗಿಸಲಾಗದು. ಗಾಜಿನ ಮೇಲೆ ಹಸಿರು ಚುಕ್ಕೆ, ಎಲೆಯಂಚಿಗೆ ಕೂದಲಿನಂಥ ಪಾಚಿ ಬರುತ್ತಿದ್ದರೆ ಎರಡಿಂಚು ಏರಿಸಿ, ಇಲ್ಲವೇ ಒಂದು ಗಂಟೆ ಕಡಿಮೆ ಮಾಡಿ. ಎರಡನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಮತ್ತೆ ಎರಡು ವಾರ ಕೈಕಟ್ಟಿ ಕೂರಬೇಕು. ಹವ್ಯಾಸದಲ್ಲಿ ಕಷ್ಟದ ಭಾಗ ಇದೇ.

ಎಲ್ಲ ಸರಿಹೋದ ಮೇಲೆ ಇನ್ನೊಂದು ಸಮಸ್ಯೆ ಹುಟ್ಟುತ್ತದೆ. ಹೈಡ್ರಿಲ್ಲಾ ನೀರಿನ ಮಟ್ಟ ಮುಟ್ಟಿ ಮಡಿಚಿಕೊಂಡು ಹಬ್ಬುತ್ತದೆ, ಕೆಳಗಿನ ಕ್ರಿಪ್ಟೋಕೊರೈನಿಗೆ ಬೆಳಕೇ ಇಳಿಯುವುದಿಲ್ಲ. ಬಹಳ ಜನ ಈ ಹಂತದಲ್ಲಿ ಎರಡನೇ ಬ್ಯಾಟನ್ ಕೊಳ್ಳಲು ಹೋಗುತ್ತಾರೆ. ಅದರ ಬದಲು ಉದ್ದ ಕೈಯ ಕತ್ತರಿಯೊಂದನ್ನು ತಂದು ವಾರಕ್ಕೊಮ್ಮೆ ತಲೆ ಸವರಿದರೆ ತಳದ ಬೆಳಕು ತಕ್ಷಣ ಏರುತ್ತದೆ. ಕತ್ತರಿಸಿದ್ದು ತಿಪ್ಪೆಗೆ ಒಳ್ಳೆ ಗೊಬ್ಬರ.